ಬಣ್ಣದ ಕೆಳಗಿನ ಹಿತ್ತಾಳೆ: ಅಲಂಗ್‌ನಲ್ಲಿ ನಾಲ್ಕು ದಿನ

ಮೊದಲ ದಿನ: ಕೊಲ್ಲಿ ದಾಟಿದ್ದು

ಸೂರತ್ ರೈಲು ನಿಲ್ದಾಣದ ಹೊರಗೆ ತಳ್ಳುಗಾಡಿಯ ಮೇಲೆ ಹಸಿರು ಕಾಳಿನ ರಾಶಿ ಕಂಡದ್ದೇ ಮಾವ ಚೀಲ ಕೆಳಗಿಟ್ಟು ನಿಂತುಬಿಟ್ಟರು. "ಇದು ಸೀತನಿ ಅಲ್ಲವೇನೋ!" ಹೌದು, ಎಳೆ ಜೋಳದ ತೆನೆ ಸುಟ್ಟು ಬಡಿದ ಕಾಳು. ಅಲ್ಲಿನವರು ಪೋಂಕ್ ಎನ್ನುತ್ತಾರೆ, ಮೇಲೆ ಸೇವು ಉದುರಿಸಿ ನಿಂಬೆಹಣ್ಣು ಹಿಂಡಿ ಕೊಡುತ್ತಾರೆ. ಚಳಿಗಾಲ ಮುಗಿದರೆ ಇದೂ ಮುಗಿಯಿತು. ಜನವರಿಯ ಕೊನೆಯ ವಾರ ಹೊರಟಿದ್ದಕ್ಕೆ ಸಿಕ್ಕ ಮೊದಲ ಲಾಭ ಅದು.

ಹೊರಟದ್ದು ಮಾತ್ರ ಜೋಳ ತಿನ್ನಲು ಅಲ್ಲ. ಹಳೆಯ ಗೋಡೆ ಗಡಿಯಾರಗಳನ್ನು ಬಿಚ್ಚಿ ಜೋಡಿಸುವುದು ನನ್ನ ಹನ್ನೆರಡು ವರ್ಷದ ಹುಚ್ಚು. ಈಚೆಗೆ ಅದು ಹಡಗಿನ ಸಾಮಾನುಗಳ ಕಡೆಗೆ ತಿರುಗಿದೆ. ಸೂರ್ಯ, ನಕ್ಷತ್ರಗಳು ದಿಗಂತದಿಂದ ಎಷ್ಟು ಎತ್ತರದಲ್ಲಿವೆ ಎಂದು ನಾವಿಕರು ಅಳೆಯುವ ಉಪಕರಣ, ಒಂದು ನಿಜವಾದ ಸೆಕ್ಸ್‌ಟೆಂಟ್ ಬೇಕು, ಅದು ಹಳೆಯ ಹಡಗುಗಳನ್ನು ಒಡೆಯುವ ಗುಜರಾತಿನ ಕಡಲದಡ ಅಲಂಗ್‌ನಲ್ಲಿ ಸಿಗುತ್ತದೆ ಎಂದು ಮನಸ್ಸಿಗೆ ಹೊಕ್ಕಿತ್ತು. ಮಾವ, ಅಂದರೆ ನನ್ನ ತಾಯಿಯ ತಮ್ಮ, ಸರಕು ಹಡಗುಗಳಲ್ಲಿ ಇಪ್ಪತ್ತೆರಡು ವರ್ಷ ರೇಡಿಯೊ ಆಫೀಸರ್ ಆಗಿದ್ದವರು. 1999ರ ಫೆಬ್ರವರಿ 1ರಿಂದ ಉಪಗ್ರಹ ಆಧಾರಿತ ಹೊಸ ಸುರಕ್ಷತಾ ಸಂಪರ್ಕ ವ್ಯವಸ್ಥೆ ಪೂರ್ತಿಯಾಗಿ ಜಾರಿಗೆ ಬಂದಾಗ ಚುಕ್ಕಿ-ಗೆರೆಗಳ ಮೋರ್ಸ್ ಸಂಕೇತ ಬಡಿಯುವವರಿಗೆ ಹಡಗಿನಲ್ಲಿ ಕೆಲಸವಿಲ್ಲದಂತಾಯಿತು. ಅವರು ದಡಕ್ಕೆ ಬಂದದ್ದು ಆ ವರ್ಷವೇ. "ಸಾಯಲು ಬಂದ ಹಡಗನ್ನು ನೋಡಿ ಏನು ಮಾಡುತ್ತೀಯ?" ಎಂದು ಮೊದಲು ಗೊಣಗಿದ್ದರು. ಸೂರತ್ ಬಳಿಯ ಹಜೀರಾದಿಂದ ಕೊಲ್ಲಿಯಾಚೆಯ ಘೋಘಾಕ್ಕೆ ವಾಹನಗಳನ್ನೂ ಹೊತ್ತೊಯ್ಯುವ ದೋಣಿ ಇದೆ ಎಂದು ತಿಳಿದ ಮೇಲೆ ತಾವಾಗಿಯೇ ಸ್ವೆಟರ್ ಹುಡುಕಿಕೊಂಡರು.

2020ರ ನವೆಂಬರ್‌ನಲ್ಲಿ ಶುರುವಾದ ಈ ದೋಣಿ ಸೇವೆ ರಸ್ತೆಯ 370 ಕಿಲೋಮೀಟರ್ ಸುತ್ತನ್ನು ಸಮುದ್ರದ ಸುಮಾರು 90 ಕಿಲೋಮೀಟರಿಗೆ ಇಳಿಸಿದೆ. ಕೆಳಗೆ ಲಾರಿಗಳು, ಮೇಲೆ ನಾವು. ನರ್ಮದೆ, ತಾಪಿ, ಮಹಿ, ಸಾಬರಮತಿ ನಾಲ್ಕೂ ತಂದು ಸುರಿಯುವ ಮಣ್ಣಿನಿಂದ ಖಂಭಾತ್ ಕೊಲ್ಲಿಯ ನೀರು ಹಾಲು ಹೆಚ್ಚಾದ ಚಹಾದ ಬಣ್ಣದಲ್ಲಿತ್ತು. ಅರ್ಧ ದಾರಿಯಲ್ಲಿ ಗಾಳಿ ನನ್ನ ಟೊಪ್ಪಿಗೆಯನ್ನು ಎಗರಿಸಿಕೊಂಡು ಹೋಯಿತು. ಮಾವ ಹಿಂದಿರುಗಿಯೂ ನೋಡದೆ, "ಹಡಗಿನ ಮೇಲೆ ಟೊಪ್ಪಿಗೆ ಹಾಕುವವನು ಗಲ್ಲದ ಕೆಳಗೆ ದಾರ ಕಟ್ಟಿಕೊಳ್ಳಬೇಕು" ಎಂದರು. ಮೊದಲೇ ಹೇಳಬಹುದಿತ್ತು.

ಘೋಘಾ ತಲುಪುವಾಗ ಇಳಿತ. ಮೀನುದೋಣಿಗಳು ನೀರಿನಲ್ಲಿರಲಿಲ್ಲ, ಕೆಸರಿನ ಮೇಲೆ ಓರೆಯಾಗಿ ಕುಳಿತಿದ್ದವು. ನಮ್ಮ ಕರಾವಳಿಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ಎರಡು ಮೀಟರ್ ವ್ಯತ್ಯಾಸವೂ ಇರುವುದಿಲ್ಲ. ಇಲ್ಲಿ ಅದು ಹತ್ತು ಮೀಟರ್ ದಾಟುತ್ತದೆ. ಅಲಂಗ್ ಎಂಬ ಊರು ಜಗತ್ತಿಗೆ ಗೊತ್ತಾಗಿರುವುದಕ್ಕೆ ಆ ಹತ್ತು ಮೀಟರ್ ನೀರೇ ಕಾರಣ.

ಎರಡನೇ ದಿನ: ತ್ರಾಪಜ್ ತಿರುವು

ಭಾವನಗರದ ಬೆಳಗು ಗಾಠಿಯಾದಿಂದ ಶುರುವಾಗುತ್ತದೆ. ಕಡಲೆಹಿಟ್ಟನ್ನು ಮರದ ಹಲಗೆಯ ಮೇಲೆ ಅಂಗೈಯಿಂದ ಉಜ್ಜಿ ಉಜ್ಜಿ ನೇರವಾಗಿ ಎಣ್ಣೆಗೆ ಬಿಡುವ ಆ ವೇಗವನ್ನು ನೋಡುತ್ತ ನಾನು ಎರಡು ತಟ್ಟೆ ಮುಗಿಸಿದೆ. ಜೊತೆಗೆ ಕರಿದ ಹಸಿಮೆಣಸಿನಕಾಯಿ, ಪರಂಗಿಕಾಯಿ ತುರಿಯ ಒಗ್ಗರಣೆ ಪಲ್ಯ ಸಂಭಾರೊ. ಸಂಕ್ರಾಂತಿಯ ಗಾಳಿಪಟಗಳು ಇನ್ನೂ ವಿದ್ಯುತ್ ತಂತಿಗಳಲ್ಲಿ ನೇತಾಡುತ್ತಿದ್ದವು.

ಅಲಂಗ್ ಇಲ್ಲಿಂದ 50 ಕಿಲೋಮೀಟರ್. ಬಾಡಿಗೆ ಕಾರಿನ ಚಾಲಕ ಮಾತುಗಾರ. ಈರುಳ್ಳಿ ತುಂಬಿದ ಟ್ರಾಕ್ಟರುಗಳ ಹಿಂದೆ ನಿಧಾನವಾಗಿ ಸಾಗುತ್ತ, ತನ್ನ ಮನೆಯ ಅಡುಗೆಮನೆಯ ಬಾಗಿಲು ಗ್ರೀಕ್ ಹಡಗಿನದು, ಮಂಚ ಜಪಾನಿನದು, ಫ್ರಿಜ್ಜು ಯಾವ ದೇಶದ್ದೋ ತಿಳಿಯದು, ಆದರೆ ಒಂಬತ್ತು ವರ್ಷದಿಂದ ಕೆಟ್ಟಿಲ್ಲ ಎಂದ. ತ್ರಾಪಜ್‌ನಲ್ಲಿ ಮಹುವಾ ರಸ್ತೆ ಬಿಟ್ಟು ಎಡಕ್ಕೆ ತಿರುಗಿದ ಮೇಲೆ ಅವನ ಮಾತು ಉತ್ಪ್ರೇಕ್ಷೆಯಲ್ಲ ಎಂದು ಗೊತ್ತಾಯಿತು. ರಸ್ತೆಯ ಎರಡೂ ಬದಿಗೆ ಕಿಲೋಮೀಟರುಗಟ್ಟಲೆ ಅಂಗಳಗಳು. ಖಾಡಾ ಎನ್ನುತ್ತಾರೆ. ಒಂದರಲ್ಲಿ ಬರೀ ಹಾಸಿಗೆ, ಇನ್ನೊಂದರಲ್ಲಿ ಬರೀ ಉಕ್ಕಿನ ಬಾಗಿಲು, ಮತ್ತೊಂದರಲ್ಲಿ ತೊಡೆ ಗಾತ್ರದ ಹಗ್ಗಗಳು. ಕಿತ್ತಳೆ ಬಣ್ಣದ ಜೀವರಕ್ಷಕ ದೋಣಿಗಳು ಹೊಲದ ಬದುವಿನ ಮೇಲೆ, ಸಮುದ್ರವೇ ಕಾಣದ ಜಾಗದಲ್ಲಿ, ಸಾಲಾಗಿ ನಿಂತಿದ್ದವು. 1983ರಲ್ಲಿ ಹಡಗು ಒಡೆಯುವುದು ಶುರುವಾದಾಗಿನಿಂದ, ಉಕ್ಕು ಕುಲುಮೆಗೆ ಹೋದರೆ ಉಳಿದದ್ದೆಲ್ಲ ಈ ರಸ್ತೆಗೆ ಬರುತ್ತದೆ.

ನಾನು ಹುಡುಕುತ್ತಿದ್ದ ಬಗೆಯ ಅಂಗಡಿಗಳು ಕಡಿಮೆ. ಮೊದಲನೆಯದರ ಹೊರಗೇ 'ಆಂಟಿಕ್' ಎಂದು ಬರೆದಿತ್ತು. ಒಳಗೆ ಕಾಲಿಟ್ಟರೆ ಕಣ್ಣು ಕೋರೈಸುವ ಹಿತ್ತಾಳೆ: ದೂರದರ್ಶಕಗಳು, ದಿಕ್ಸೂಚಿಗಳು, ಮುಳುಗುಗಾರರ ಶಿರಸ್ತ್ರಾಣ, ಚಕ್ರಗಳು, ಮತ್ತು ಮರದ ಪೆಟ್ಟಿಗೆಯಲ್ಲಿ ಮಖಮಲ್ಲಿನ ಮೇಲೆ ಮಲಗಿದ್ದ ಸೆಕ್ಸ್‌ಟೆಂಟ್. ನನ್ನ ಕೈ ಆಗಲೇ ಪರ್ಸಿನ ಮೇಲಿತ್ತು. ಮಾವ ಅದನ್ನು ಎತ್ತಿ, ಕನ್ನಡಕ ಹಣೆಗೇರಿಸಿ, ಕೆತ್ತಿದ್ದ ಅಕ್ಷರ ಓದಿದರು. ಕೆಲ್ವಿನ್ ಅಂಡ್ ಹ್ಯೂಜ್, ಲಂಡನ್, 1917.

"ಆ ಎರಡು ಕಂಪನಿಗಳು ಒಂದಾದದ್ದೇ 1940ರ ದಶಕದಲ್ಲಿ. 1917ರಲ್ಲಿ ಇದನ್ನು ಮಾಡಿದವರು ಯಾರು?"

ಆಮೇಲೆ ಅದನ್ನು ನನ್ನ ಕೈಗಿಟ್ಟು ಸೊನ್ನೆಗೆ ಹೊಂದಿಸಿ ಎದುರಿನ ತಾರಸಿಯ ಅಂಚನ್ನು ನೋಡು ಎಂದರು. ಸರಿಯಾದ ಸೆಕ್ಸ್‌ಟೆಂಟಿನಲ್ಲಿ, ಕಣ್ಣಿಗೆ ನೇರವಾಗಿ ಕಾಣುವ ಗೆರೆಯೂ ಕನ್ನಡಿಯಲ್ಲಿ ಕಾಣುವ ಗೆರೆಯೂ ಕೂಡಿ ಒಂದೇ ಗೆರೆಯಾಗಬೇಕು. ಅಲ್ಪಸ್ವಲ್ಪ ತಪ್ಪಿದ್ದರೆ ಕನ್ನಡಿಯ ತಿರುಪಿನಲ್ಲಿ ಸರಿಪಡಿಸಬಹುದು. ನನಗೆ ಕಂಡದ್ದು ಎರಡು ತಾರಸಿ. ತಿರುಪನ್ನು ತಿರುಗಿಸಿದರೆ ಅದು ತಿರುಗಲೇ ಇಲ್ಲ. ಅಲಂಕಾರಕ್ಕೆಂದು ಎರಕದಲ್ಲೇ ಮೂಡಿಸಿದ ತಿರುಪು! ಅಂಗಡಿಯವರು ನಕ್ಕುಬಿಟ್ಟರು. "ಕಾಕಾ, ಇದು ರೂರ್ಕಿಯ ಮಾಲು. ಕೇಳಿದವರಿಗೆ ಹೇಳುತ್ತೇನೆ, ಕೇಳದವರು ಖುಷಿಯಿಂದ ಒಯ್ಯುತ್ತಾರೆ." ರೂರ್ಕಿ, ಮುರಾದಾಬಾದ್‌ಗಳ ಕುಶಲಕರ್ಮಿಗಳ ಕೆಲಸವನ್ನು ನಾನು ಹಳಿಯುವುದಿಲ್ಲ. ಮೇಜಿನ ಮೇಲಿಡಲು ಚೆಂದ. ಅದಕ್ಕೆ 1917 ಎಂದು ಕೆತ್ತುವುದೇ ತಕರಾರು. ನಮ್ಮ ಕಾನೂನಿನಲ್ಲಿ, ಅಂದರೆ 1972ರ ಪುರಾವಸ್ತು ಕಾಯ್ದೆಯಲ್ಲಿ, ಇಂಥ ವಸ್ತು ಪುರಾತನ ಎನಿಸಿಕೊಳ್ಳಲು ನೂರು ವರ್ಷ ತುಂಬಿರಬೇಕು. ಅಲಂಗ್‌ಗೆ ಬರುವ ಹಡಗುಗಳ ವಯಸ್ಸು ಸಾಮಾನ್ಯವಾಗಿ ಇಪ್ಪತ್ತೈದರಿಂದ ನಲವತ್ತು. ಲೆಕ್ಕ ಹಾಕಿದರೆ ಆ ಬೋರ್ಡಿನ ಮೇಲಿನ ಮಾತು ನಿಲ್ಲುವುದೇ ಇಲ್ಲ.

ಮಧ್ಯಾಹ್ನ ಢಾಬಾದಲ್ಲಿ ಸಜ್ಜೆ ರೊಟ್ಟಿ, ಸುಟ್ಟ ಬದನೆಕಾಯಿಯ ಓಳೊ, ಬೆಲ್ಲ, ಮಜ್ಜಿಗೆ. ನಾನು ಮುಖ ಊದಿಸಿಕೊಂಡೇ ಉಂಡೆ. ಮಾವ ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡರು.

ಆಮೇಲೆ ಹೊಕ್ಕ ಖಾಡಾಕ್ಕೆ ಬೋರ್ಡೇ ಇರಲಿಲ್ಲ. ಶೀಟಿನ ಮಾಡಿನ ಕೆಳಗೆ ಬೂದು, ಬಿಳಿ, ಹಸಿರು ಬಣ್ಣ ಮೆತ್ತಿದ ಕಬ್ಬಿಣದಂಥ ಮುದ್ದೆಗಳು. ನಾನು ಹೊರಗೇ ನಿಂತಿದ್ದೆ. ಮಾವ ಒಂದು ದುಂಡು ಕಿಟಕಿಯ ಹಿಂಭಾಗವನ್ನು ಬೀಗದ ಕೈಯಿಂದ ಕೆರೆದರು. ಒಳಗಿನಿಂದ ಅರಿಸಿನ ಬಣ್ಣ ಇಣುಕಿತು.

"ಹಿತ್ತಾಳೆಗೆ ಬಣ್ಣ ಬಳಿಯುವುದೆ?" ಎಂದೆ.

"ಹೊಳೆಯಬೇಕಾದರೆ ಯಾರಾದರೂ ದಿನಾ ತಿಕ್ಕಬೇಕು. ಉಪ್ಪುಗಾಳಿಗೆ ಸಂಜೆಯೊಳಗೆ ಮತ್ತೆ ಕಪ್ಪು. ಸರಕು ಹಡಗಿನಲ್ಲಿ ಇಪ್ಪತ್ತೈದು ಜನ. ಯಾರಿಗಿದೆ ಪುರುಸೊತ್ತು? ಬಣ್ಣ ಹೊಡೆದರೆ ಮುಗಿಯಿತು."

ಅಲ್ಲಿಂದ ಮುಂದೆ ನಾನು ನೋಡುವ ರೀತಿಯೇ ಬದಲಾಯಿತು. ಹೊಳೆಯುವುದನ್ನೆಲ್ಲ ದಾಟಿಕೊಂಡು ಹೋಗತೊಡಗಿದೆ. ಜೇಬಿನ ಅಯಸ್ಕಾಂತ ಕೆಲಸಕ್ಕೆ ಬಂತು: ಅಂಟಿದರೆ ಒಳಗೆ ಕಬ್ಬಿಣ. ನಿಜವಾದ ಕಿಟಕಿಯ ಗಾಜು ಅರ್ಧ ಇಂಚಿಗಿಂತ ದಪ್ಪ, ಬಿಗಿಯುವ ರೆಕ್ಕೆನಟ್ಟುಗಳ ಎಳೆಗಳು ಸವೆದಿರುತ್ತವೆ, ಬೋಲ್ಟಿನ ತೂತುಗಳಲ್ಲಿ ಹಳೆಯ ಬಣ್ಣ ಕಲ್ಲಿನಂತೆ ಗಟ್ಟಿಯಾಗಿರುತ್ತದೆ, ಅಂಚಿನಲ್ಲಿ ಎಲ್ಲೋ ಗ್ಯಾಸ್ ಕಟರ್ ನೆಕ್ಕಿದ ಕಲೆ ಇರುತ್ತದೆ. ಹನ್ನೊಂದು ಕಿಲೋ ತೂಗಿದ ಒಂದನ್ನು ಒಂಬತ್ತು ಸಾವಿರಕ್ಕೆ ಕೊಂಡೆ. ಹಿತ್ತಾಳೆಯ ಗುಜರಿ ದರಕ್ಕಿಂತ ಹೆಚ್ಚೇ. ಆದರೆ ತಕ್ಕಡಿಯಲ್ಲಿ ಇಟ್ಟು ತೂಗಿ ಮಾರುವವರ ಹತ್ತಿರ ಚೌಕಾಸಿ ಸುಲಭ. ಮಖಮಲ್ಲಿನ ಮೇಲಿಟ್ಟು ಮಾರುವವರ ಹತ್ತಿರ ಅಲ್ಲ.

ಅದೇ ಅಂಗಳದಲ್ಲಿ ಒಂದು ಗಂಟೆಯೂ ಇತ್ತು. ಅದರ ಮೇಲೆ ಎರಕದಲ್ಲಿ ಒಂದು ಹೆಸರು, ಪಕ್ಕದಲ್ಲಿ ಅದೇ ಹಡಗಿನದೆಂದು ತೋರಿಸಿದ, ನೀರಿಗೆ ಬಿದ್ದವರಿಗೆ ಎಸೆಯುವ ರಕ್ಷಕ ಬಳೆಯ ಮೇಲೆ ಇನ್ನೊಂದು. ಹಡಗು ಕೈ ಬದಲಿಸಿದಾಗ ಹೆಸರು ಬದಲಾಗುತ್ತದೆ, ಗಂಟೆಯನ್ನು ಮಾತ್ರ ಹಲವರು ಹಾಗೆಯೇ ಬಿಡುತ್ತಾರೆ. 458 ಮೀಟರ್ ಉದ್ದದ ಸೀವೈಸ್ ಜೈಂಟ್ ಎಂಬ ತೈಲ ಹಡಗು ಮುಂದೆ ಹ್ಯಾಪಿ ಜೈಂಟ್, ಜಾಹ್ರೆ ವೈಕಿಂಗ್, ನಾಕ್ ನೆವಿಸ್ ಎಲ್ಲ ಆಗಿ, ಕೊನೆಯ ಯಾನದಲ್ಲಿ ಬರೀ ಮಾಂಟ್ ಎಂಬ ಹೆಸರಿನಲ್ಲಿ 2009ರ ಡಿಸೆಂಬರ್‌ನಲ್ಲಿ ಇದೇ ದಡಕ್ಕೆ ಬಂದಿತ್ತು. ಗಂಟೆಯ ಬೆಲೆ ಕೇಳಿ ನಾನು ಅದನ್ನು ಒಮ್ಮೆ ಬಾರಿಸಿ ತೃಪ್ತಿಪಟ್ಟುಕೊಂಡೆ.

ಹಿಂದಿರುಗುವಾಗ ತ್ರಾಪಜ್‌ಗೆ ಮೊದಲೇ ಟೈರ್ ಪಂಕ್ಚರ್. ಚಕ್ರದಿಂದ ಹೊರಬಂದದ್ದು ಬೆರಳುದ್ದದ ಉಕ್ಕಿನ ಚೂರು. ಚಾಲಕ ಅದನ್ನು ನನ್ನ ಕೈಗಿಟ್ಟು, "ಇದೂ ಹಡಗಿನದೇ, ದುಡ್ಡು ಬೇಡ" ಎಂದ.

ಮೂರನೇ ದಿನ: ಗೇಟಿನ ಈಚೆ

ಹಡಗು ಒಡೆಯುವ ದಡದ ಅಂಗಳಗಳೊಳಗೆ ಹೊರಗಿನವರಿಗೆ ಪ್ರವೇಶವಿಲ್ಲ. ಅನುಮತಿ ಬೇಕು, ಛಾಯಾಚಿತ್ರವಂತೂ ನಿಷಿದ್ಧ. ಗೊತ್ತಿದ್ದೂ ಗೇಟಿನವರೆಗೆ ಹೋದೆವು. ಕಾವಲುಗಾರ ಮರ್ಯಾದೆಯಿಂದಲೇ ಹಿಂದೆ ಕಳಿಸಿದ. ಗೋಡೆಯ ಮೇಲಿನಿಂದ ಕಂಡದ್ದಿಷ್ಟು: ಮುಂಭಾಗ ಕತ್ತರಿಸಿ ಹೋಗಿ ಒಳಗಿನ ಮಹಡಿಗಳೆಲ್ಲ ಕಾಣುತ್ತಿದ್ದ ಒಂದು ಹಡಗು, ಬೊಂಬೆಮನೆಯ ಹಾಗೆ. ಸುಟ್ಟ ಬಣ್ಣದ ವಾಸನೆ ಗಂಟಲಿಗೆ ಹತ್ತುತ್ತಿತ್ತು.

ಚಹಾ ಅಂಗಡಿಯಲ್ಲಿ ಪಕ್ಕ ಕುಳಿತವನು ಒಡಿಶಾದ ಗಂಜಾಂ ಕಡೆಯ ಗ್ಯಾಸ್ ಕಟರ್, ಅಂದು ರಜೆಯಲ್ಲಿದ್ದ. ಅಮಾವಾಸ್ಯೆ ಹುಣ್ಣಿಮೆಯ ದೊಡ್ಡ ಉಬ್ಬರಕ್ಕೆ ಕಾದು, ಹಡಗನ್ನು ಅದರ ಎಂಜಿನ್ನಿನ ಪೂರ್ತಿ ಬಲದಲ್ಲೇ ದಡಕ್ಕೆ ನುಗ್ಗಿಸುತ್ತಾರೆ, ನೀರು ಇಳಿದ ಮೇಲೆ ಅದು ಎಲ್ಲೂ ಹೋಗುವಂತಿಲ್ಲ ಎಂದು ವಿವರಿಸಿದ. ಮಾವ ತಾವು ಹಡಗಿನಲ್ಲಿದ್ದವರು ಎಂದಾಗ ಅವನು ಅವರನ್ನು ಸ್ವಲ್ಪ ಹೊತ್ತು ನೋಡಿದ. "ನಾನು ಹನ್ನೊಂದು ವರ್ಷದಿಂದ ಹಡಗು ಕತ್ತರಿಸುತ್ತಿದ್ದೇನೆ. ಒಮ್ಮೆಯೂ ಹಡಗಿನಲ್ಲಿ ಪ್ರಯಾಣ ಮಾಡಿಲ್ಲ. ಒಳಗೆ ನಿದ್ದೆ ಬರುತ್ತದೆಯೆ?" ಮೊದಲ ವಾರ ಬರುವುದಿಲ್ಲ, ಆಮೇಲೆ ಮನೆಯಲ್ಲಿ ಬರುವುದಿಲ್ಲ ಎಂದರು ಮಾವ. ಚಹಾದ ದುಡ್ಡನ್ನು ಅವನೇ ಕೊಟ್ಟ, ಎಷ್ಟು ಹೇಳಿದರೂ ಕೇಳಲಿಲ್ಲ.

ಬೋರ್ಡಿಲ್ಲದ ಖಾಡಾಕ್ಕೇ ಮತ್ತೆ ಹೋದೆವು. ಯಜಮಾನರು ಹಿಂದಿನ ದಿನದ ಪರಿಚಯಕ್ಕೆ ಒಳಕೋಣೆಯ ಬೀಗ ತೆಗೆದರು. ತಂದೆಯ ಕಾಲದ ಸರಕಂತೆ. ಈಗ ಬರುವ ಹಡಗುಗಳಲ್ಲಿ ಎಲ್ಲವೂ ಪರದೆ, ಪ್ಲಾಸ್ಟಿಕ್. ಗೋಡೆಗೆ ಹಾಕುವಂಥದ್ದು ಏನೂ ಸಿಗುವುದಿಲ್ಲ ಎಂದು ನಿಟ್ಟುಸಿರುಬಿಟ್ಟರು. ಕಪಾಟಿನಲ್ಲಿ ಮುಳ್ಳಿಗೆ ಕಂದುಬಣ್ಣದ ಲೇಪವಿದ್ದ ಹಳೆಯ ದಿಕ್ಸೂಚಿಯೊಂದಿತ್ತು. ಅದನ್ನು ಬಿಚ್ಚಬೇಡ ಎಂದು ಮಾವ ಎಚ್ಚರಿಸಿದರು. ಹಿಂದೆ ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಬೆರೆಸಿದ ಬಣ್ಣ ಬಳಿಯುತ್ತಿದ್ದರು. ಹೊಳಪು ಕೆಲವು ದಶಕಗಳಲ್ಲಿ ಸಾಯುತ್ತದೆ, ರೇಡಿಯಂ ಮಾತ್ರ ಅರ್ಧಕ್ಕೆ ಇಳಿಯಲು 1600 ವರ್ಷ ಬೇಕು. ಗಾಜು ತೆಗೆದು ಆ ಪುಡಿಯನ್ನು ಕೆರೆದು ಉಸಿರಾಡುವುದಕ್ಕಿಂತ ಅಂಗಡಿಯಲ್ಲೇ ಬಿಡುವುದು ಲೇಸು.

ಅದರ ಹಿಂದೆ ಅಡ್ಡ ಮಲಗಿತ್ತು ಬೂದುಬಣ್ಣದ ಒಂದು ದುಂಡು ಡಬ್ಬಿ. ನಾನು ತಿರುಗಿಸಿದೆ. ಬಿಳಿ ಮುಖ, ಅದರ ಮೇಲೆ ಕತ್ತರಿಸಿದ ಹೋಳುಗಳಂತೆ ಎರಡು ಕೆಂಪು, ಎರಡು ಹಸಿರು ಪಟ್ಟೆ.

ಮಾವ ಕೈ ಚಾಚಿದರು.

ರೇಡಿಯೊ ಕೋಣೆಯ ಗಡಿಯಾರ. ಹದಿನೈದರಿಂದ ಹದಿನೆಂಟು, ನಲವತ್ತೈದರಿಂದ ನಲವತ್ತೆಂಟು, ಈ ಮೂರು ಮೂರು ನಿಮಿಷ ಕೆಂಪು: 500 ಕಿಲೋಹರ್ಟ್ಸ್‌ನಲ್ಲಿ ಯಾವ ಹಡಗೂ ಮೋರ್ಸ್ ಕಳಿಸಬಾರದು, ಎಲ್ಲರೂ ಸುಮ್ಮನೆ ಕೇಳಬೇಕು. ಎಲ್ಲೋ ಮುಳುಗುತ್ತಿರುವವನ ಕ್ಷೀಣ ಸದ್ದು ಆ ಮೌನದಲ್ಲಿ ಕೇಳಿಸಲಿ ಎಂದು. ಗಂಟೆಯ ಮತ್ತು ಅರ್ಧಗಂಟೆಯ ಮೊದಲ ಮೂರು ನಿಮಿಷ ಹಸಿರು, ಅದು 2182 ಕಿಲೋಹರ್ಟ್ಸ್‌ನ ಮಾತಿನ ಸಂಪರ್ಕಕ್ಕೆ. ಅಂಚಿನ ಸುತ್ತ ನಾಲ್ಕು ನಾಲ್ಕು ಸೆಕೆಂಡಿನ ಪುಟ್ಟ ಕೆಂಪು ಗೆರೆಗಳು. ಅಪಾಯದಲ್ಲಿರುವವನು ಆ ಅಳತೆಗೆ ನಾಲ್ಕು ಸೆಕೆಂಡಿನ ಉದ್ದ ಸದ್ದುಗಳನ್ನು ಒಂದೊಂದು ಸೆಕೆಂಡ್ ಬಿಟ್ಟು ಹನ್ನೆರಡು ಬಾರಿ ಒತ್ತಿದರೆ ಬೇರೆ ಹಡಗುಗಳಲ್ಲಿ ತಾನಾಗಿ ಎಚ್ಚರಿಕೆ ಗಂಟೆ ಬಾರಿಸುತ್ತಿತ್ತು.

"ಆ ಮೂರು ನಿಮಿಷ ಚಹಾ ಕುಡಿಯಬಹುದಿತ್ತೆ?" ಎಂದೆ.

"ಬಾಯಿಗೇನು ಕೆಲಸ? ಕುಡಿಯಬಹುದಿತ್ತು. ಸುರ್ ಎಂದು ಸದ್ದು ಮಾಡುವಂತಿರಲಿಲ್ಲ."

ಯಜಮಾನರು ಹೇಳಿದ್ದು ಇಪ್ಪತ್ತು ಸಾವಿರ, ನಿಂತದ್ದು ಹದಿನಾಲ್ಕಕ್ಕೆ. ನಿಂತುಹೋದ ಗಡಿಯಾರ ಕೊಳ್ಳುವಾಗ ಕೀಲಿ ಕೊಟ್ಟು ನೋಡಬೇಕು. ಕೀಲಿ ಬಿಗಿದೇ ನಿಂತರೆ ಎಣ್ಣೆ ಗಟ್ಟಿಯಾಗಿದೆ ಎಂದರ್ಥ, ಬಿಚ್ಚಿ ತೊಳೆದರೆ ಓಡುವ ಸಂಭವ ಹೆಚ್ಚು. ಹಿಡಿತವಿಲ್ಲದೆ ಸುತ್ತಿದರೆ ಸ್ಪ್ರಿಂಗ್ ಮುರಿದಿದೆ. ಇದು ಬಿಗಿದು ನಿಂತಿತ್ತು. ಮಾವನಿಗೆ ಉಡುಗೊರೆಯಾಗಿ ಕೊಡುತ್ತೇನೆ ಎಂದೆ. ಅವರು ಬೇಡವೆಂದರು. "ಇಪ್ಪತ್ತೆರಡು ವರ್ಷ ಅದನ್ನೇ ನೋಡಿದ್ದೇನೆ, ನೀನೇ ಇಟ್ಟುಕೋ." ತಮಗಾಗಿ ಅವರು ಕೊಂಡದ್ದು ಹಡಗಿನ ಊಟದ ಮನೆಯ ಆರು ಬಿಳಿ ತಟ್ಟೆ, ಒಂದೊಂದೂ ಇಟ್ಟಿಗೆಯ ಭಾರ. ಸಮುದ್ರ ತೂಗಾಡಿದರೂ ಜಾರದ ತಟ್ಟೆ ಮನೆಯಲ್ಲಿ ಯಾಕೆ ಬೇಕು ಎಂದು ನಾನು ಕೇಳಲಿಲ್ಲ.

ನಾಲ್ಕನೇ ದಿನ: ಕಟ್ಟುವುದು, ಸಾಗಿಸುವುದು

ಕಿಟಕಿಯನ್ನು ಗೋಣಿಯಲ್ಲಿ ಹೊಲಿದು ಭಾವನಗರದಲ್ಲೇ ಲಾರಿ ಪಾರ್ಸೆಲ್ಲಿಗೆ ಹಾಕಿದೆವು. ಜಿಎಸ್‌ಟಿ ಬಿಲ್ಲನ್ನು ಖಾಡಾದಲ್ಲೇ ಕೇಳಿ ಪಡೆದದ್ದು ಒಳ್ಳೆಯದಾಯಿತು, ಅದಿಲ್ಲದೆ ಗುಮಾಸ್ತ ಮುಟ್ಟುತ್ತಲೇ ಇರಲಿಲ್ಲ. ಗಡಿಯಾರ ನನ್ನ ತೊಡೆಯ ಮೇಲೆ ಬಂತು. ಸೂರತ್ ನಿಲ್ದಾಣದ ಎಕ್ಸ್‌ರೇ ಯಂತ್ರದಲ್ಲಿ ಒಳಗೆ ಚಕ್ರ, ಸ್ಪ್ರಿಂಗ್ ಇರುವ ದುಂಡು ಲೋಹದ ಡಬ್ಬಿ ಹೇಗೆ ಕಾಣಿಸಿತೋ, ಪೊಲೀಸರು ಚೀಲ ಬಿಚ್ಚಿಸಿದರು. ಮಾವ ಅವರಿಗೆ ಕೆಂಪು ಪಟ್ಟೆಯ ಅರ್ಥ ವಿವರಿಸತೊಡಗಿದರು. ಹಿಂದೆ ಸಾಲು ಬೆಳೆಯಿತು. ರೈಲು ತಪ್ಪಲಿಲ್ಲ ಎಂಬುದಷ್ಟೇ ಸಮಾಧಾನ.

ಮನೆಗೆ ಬಂದ ಮೇಲೆ

ಕಿಟಕಿ ಹನ್ನೆರಡು ದಿನದ ನಂತರ ಬಂತು. ಬಣ್ಣ ಬಿಡಿಸಲು ವಾಷಿಂಗ್ ಸೋಡಾದ ಬಿಸಿನೀರಿನಲ್ಲಿ ಅದ್ದಿಡಬೇಕು. ಅವಸರದಲ್ಲಿ ಮದುವೆ ಅಡುಗೆಯ ಅಲ್ಯೂಮಿನಿಯಂ ಪಾತ್ರೆ ಬಳಸಿದೆ. ಸೋಡಾ ಅದನ್ನೇ ತಿಂದು ಕಪ್ಪಗೆ ಮಾಡಿತು. ಹೆಂಡತಿ ಅಂದು ನನ್ನೊಡನೆ ಮಾತಾಡಲಿಲ್ಲ. ಎರಡನೇ ಸಲ ಕಬ್ಬಿಣದ ಡ್ರಮ್ಮು. ಹಳೆಯ ಹಡಗುಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಒಣ ಉಪ್ಪುಕಾಗದ ಹಾಕಿ ಉಜ್ಜಬಾರದು. ನೀರಿನಲ್ಲೇ, ಕೈಗವಸು ತೊಟ್ಟು, ಮರದ ಚಕ್ಕೆಯಿಂದ ಕೆರೆದೆ. ಬಿಳಿ, ಬೂದು, ಮತ್ತೆ ಬಿಳಿ, ತಿಳಿಹಸಿರು, ಕೆನೆ, ಕೊನೆಗೆ ಇಟ್ಟಿಗೆಕೆಂಪು. ಆರು ಪದರ.

ಆಮೇಲೆ ಹುಣಸೆಹಣ್ಣು. ದೇವರ ದೀಪ ಬೆಳಗುವ ಕೈಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಹುಳಿಯಲ್ಲಿ ಇಡೀ ರಾತ್ರಿ ನೆನೆಹಾಕಬಾರದು. ಹಿತ್ತಾಳೆಯ ಮೇಲ್ಮೈಯಲ್ಲಿ ತಾಮ್ರ ಎದ್ದು ಕಂಡು ನಸುಗೆಂಪು ಕಲೆ ಬೀಳುತ್ತದೆ. ನನ್ನ ಕಿಟಕಿಯ ಕೆಳ ಅಂಚಿನಲ್ಲಿ ಅಂಥ ಕಲೆ ಮೊದಲೇ ಇತ್ತು, ಸಮುದ್ರದ ಉಪ್ಪುನೀರು ಸತುವನ್ನು ಹೀರಿದ್ದು. ಅದನ್ನು ಉಜ್ಜಿ ತೆಗೆಯಲಿಲ್ಲ, ಹಾಗೆಯೇ ಮೇಣ ಹಚ್ಚಿದೆ. ಹೊಳಪೂ ಅಷ್ಟಕ್ಕಷ್ಟೇ ಸಾಕೆನಿಸಿತು.

ಗಡಿಯಾರಕ್ಕೆ ಮೂರು ಭಾನುವಾರ ಹಿಡಿಯಿತು. ಮೊದಲು ಸ್ಪ್ರಿಂಗಿನ ಬಿಗಿಯನ್ನು ಪೂರ್ತಿ ಇಳಿಸಿಕೊಂಡೇ ತಿರುಪು ಮುಟ್ಟಬೇಕು, ಇಲ್ಲವಾದರೆ ಚಕ್ರದ ಹಲ್ಲಿನ ಜೊತೆಗೆ ಬೆರಳೂ ಹೋಗಬಹುದು. ಎಣ್ಣೆ ಹಲಸಿನ ಮೇಣವಾಗಿತ್ತು. ವೈಟ್ ಪೆಟ್ರೋಲಿನಲ್ಲಿ ತೊಳೆದು, ಒಣಗಿಸಿ, ಪ್ರತಿ ತಿರುಗುಮೊನೆಗೂ ಸೂಜಿಯ ತುದಿಯಷ್ಟು ಎಣ್ಣೆ. ಮುಖದ ಮೇಲಿನ ಹಳದಿ ಕಲೆಯನ್ನು ಮುಟ್ಟಲಿಲ್ಲ. ಒರೆಸಲು ಹೋಗಿ ಕೆಂಪು ಪಟ್ಟೆ ಅಳಿಸಿದರೆ ಅದನ್ನು ಮತ್ತೆ ಬರೆಯುವ ಧೈರ್ಯ ನನಗಿಲ್ಲ. ಹೊರಗಿನ ಬೂದುಬಣ್ಣವನ್ನು ತೆಗೆಯುವೆನೆಂದು ತೆಗೆದುಕೊಂಡ ಮರದ ಚಕ್ಕೆಯನ್ನು ಕೆಳಗಿಟ್ಟುಬಿಟ್ಟೆ.

ಮೊದಲ ದಿನ ನಾಲ್ಕು ನಿಮಿಷ ಮುಂದೆ ಓಡಿತು. ಹನ್ನೆರಡರ ಹತ್ತಿರದ, ವೇಗ ಹೊಂದಿಸುವ ಪುಟ್ಟ ಸನ್ನೆಕಡ್ಡಿಯನ್ನು ಕೂದಲೆಳೆಯಷ್ಟು ನಿಧಾನದ ಕಡೆಗೆ ಸರಿಸಿ ಸರಿಸಿ ಈಗ ದಿನಕ್ಕೆ ಇಪ್ಪತ್ತು ಸೆಕೆಂಡಿಗೆ ತಂದಿದ್ದೇನೆ. ಕಳೆದ ವಾರ ಮಾವ ಬಂದಾಗ ಹೆಮ್ಮೆಯಿಂದ ಹೇಳಿದೆ. ತಮ್ಮ ತಟ್ಟೆಗಳಲ್ಲಿ ಒಂದು ಒಡೆದದ್ದನ್ನು ಆಗಷ್ಟೇ ತಿಳಿಸಿದ್ದ ಅವರು ಗಡಿಯಾರದ ಕಡೆಗೊಮ್ಮೆ, ತಮ್ಮ ಕೈಗಡಿಯಾರದ ಕಡೆಗೊಮ್ಮೆ ನೋಡಿ, ಹಡಗಿನಲ್ಲಾಗಿದ್ದರೆ ಆ ಇಪ್ಪತ್ತು ಸೆಕೆಂಡನ್ನೂ ದಿನಾ ಪುಸ್ತಕದಲ್ಲಿ ಬರೆದಿಡಬೇಕಾಗಿತ್ತು ಎಂದರು.